ವ್ಯಾನಿಟಿ ಬ್ಯಾಗಿಗೆ ಪಿಸ್ತೂಲು ಯಾಕೆ ಬ್ಯಾಡ ಅಂತೀನಿ

ಶ್ರಾವಣದ ಎರಡನೇ ಶುಕ್ರವಾರ, ಬೆಳಗ್ಗೆ ಆರೂಕಾಲು. ಸಹಕಾರನಗರದಲ್ಲಿರೋ ನಮ್ಮ ನಾದಿನಿ ಬಾಗ್ಲಿಗೆ ನೀರು ಹಾಕಿ ರಂಗೋಲಿ ಎಳೀತಾ ಕೂತಿದ್ಲು. ಬೈಕಲ್ಲಿ ಇಬ್ರು ಬಂದ್ರು. ಹಿಂದೆ ಕೂತಿದ್ದೋನು ಇಳ್ದು, "ಆಂಟಿ, ಕೊಡಿಗೇಹಳ್ಳಿ ಗೇಟು ಯಾವ ಕಡೆ?" ಅಂದ. ಇವ್ಳು ತಲೆ ಎತ್ತೋಷ್ಟ್ರಲ್ಲಿ ಮಾಂಗಲ್ಯದ ಸರ ಅವನ ಕೈಲಿತ್ತು. ಕೂಗೋಕೆ ಬಾಯಿ ತೆಗೆಯೋಷ್ಟ್ರಲ್ಲಿ ಬೈಕು ತಿರುವು ದಾಟಿತ್ತು. ನಾನು ಹೋಗಿ ನೋಡ್ದಾಗ ಕತ್ತಿನ ಸುತ್ತ ಕೆಂಪಗೆ ಬರೆ ಎದ್ದಿತ್ತು, ಬೆರಳ ಸಂದೀಲಿ ರಂಗೋಲಿ ಪುಡಿ ಹಂಗೇ ಇತ್ತು, ಬಾಗ್ಲಲ್ಲಿ ತಾವರೆ ಅರ್ಧಕ್ಕೇ ನಿಂತಿತ್ತು.

ಆ ಭಾನುವಾರ ಎಲ್ರೂ ಅವ್ರ ಮನೇಲಿ ಸೇರಿದ್ವಿ. ಉಪ್ಪಿಟ್ಟು ತಿಂತಾ ತಿಂತಾ ನಮ್ಮ ಭಾವನೋರು, "ಇನ್ಮೇಲೆ ನಮ್ಮನೆ ಹೆಣ್ಮಕ್ಳು ಬರಿಗೈಲಿ ಓಡಾಡ್ಬಾರ್ದು. ಒಂದು ಪಿಸ್ತೂಲಿಗೆ ಲೈಸೆನ್ಸ್ ಮಾಡಿಸ್ಕೊಡ್ತೀನಿ" ಅಂದ್ರು. ಫೋನಲ್ಲಿ ಆಗ್ಲೇ ಐದಾರು ಫೋಟೋ ಇಟ್ಕೊಂಡಿದ್ರು. ಇದು ಬ್ಯಾಗಲ್ಲಿ ಹಿಡಿಯುತ್ತೆ, ಇದು ಹಗೂರ, ಇದು ಚಿಕ್ಕ ಕೈಗೆ ಸರಿಹೋಗುತ್ತೆ ಅಂತ ಚಿಕ್ಕಪೇಟೆ ಅಂಗಡೀಲಿ ಸೀರೆ ಬಿಚ್ಚಿ ತೋರ್ಸೋ ಹಂಗೆ ತೋರ್ಸಿದ್ರು. ನಾದಿನಿ ಮಗಳು, ಇಂಜಿನಿಯರಿಂಗ್ ಎರಡನೇ ವರ್ಷದೋಳು, "ಮಾಮ, ನಂಗೂ ಒಂದು" ಅಂತ ಎದ್ದು ನಿಂತ್ಲು. ನಾದಿನಿ ಬಾಳ ಹೊತ್ತು ಸುಮ್ನಿದ್ದು, ಆಮೇಲೆ ಕೈ ನೋಡ್ಕೊಂಡು, "ಈ ಎರಡು ಬಳೆ ಮಾರಿದ್ರೆ ಆಗುತ್ತಾ ಅಣ್ಣ?" ಅಂತ ಕೇಳಿದ್ಲು.

ಸರ ಹೋದಾಗ ಅಳದೇ ಇದ್ದ ನಂಗೆ ಆ ಮಾತಿಗೆ ಕಣ್ಣು ತುಂಬ್ಕೊಂತು. ಅದ್ಕೇ ಇದನ್ನ ಬರೀತಾ ಇದೀನಿ. ಭಾವನೋರೂ ಓದ್ತಾರೆ ಅಂತ ಗೊತ್ತು. ಓದ್ಲಿ. ಅವ್ರ ಪ್ರೀತಿ ಮೇಲೆ ನಂಗೆ ಜಗಳ ಇಲ್ಲ, ಅವ್ರ ಲೆಕ್ಕದ ಮೇಲೆ ಐತೆ.

ಬ್ಯಾಡ ಅನ್ನೋಕೆ ಮುಂಚೆ ಅದು ಏನು ಎತ್ತ ಅಂತ ತಿಳ್ಕೋಬೇಕಲ್ವಾ. ಯಲಹಂಕ ನ್ಯೂಟೌನಲ್ಲಿ ನಮ್ಮ ಬೀದಿ ಕೊನೇಲಿ ಬಿಎಸ್‌ಎಫ್‌ನಲ್ಲಿದ್ದು ರಿಟೈರಾದ ಒಬ್ರು ಹಿರೀರು ಅವ್ರೆ, ನಾವೆಲ್ಲ ಮಾವ ಅಂತೀವಿ. ಅವ್ರ ಮನೆಗೆ ಹೋಗಿ ಒಂದು ಸಂಜೆ ಪೂರ್ತಿ ಕೂತು ಕೇಳಿದೆ. ಅತ್ತೆ ಎರಡು ಸಲ ಕಾಫಿ ಕೊಟ್ರು.

ಮೊದಲ್ನೇದು, ಸಿನಿಮಾದಲ್ಲಿ ತೋರ್ಸೋ 9 ಎಂಎಂ ಪಿಸ್ತೂಲು ನಮ್ಮಂಥೋರಿಗೆ ಸಿಗೋ ಬಾಬತ್ತೇ ಅಲ್ಲ. ನಮ್ಮ ಕಾನೂನಲ್ಲಿ ಅದು ನಿಷೇಧಿತ ಬೋರು, ಪೊಲೀಸು ಮಿಲಿಟರಿಯೋರದ್ದು. ಜನಸಾಮಾನ್ಯರಿಗೆ ಲೈಸೆನ್ಸ್ ಸಿಕ್ರೆ ತಗೊಳ್ಳೋದು ಸಾಮಾನ್ಯವಾಗಿ .32 ರಿವಾಲ್ವರ್ರು, ಇಲ್ಲ .32 ಪಿಸ್ತೂಲು, ಇಲ್ಲ ಇನ್ನೂ ಸಣ್ಣ .22. ರಿವಾಲ್ವರಲ್ಲಿ ಗುಂಡುಗಳು ತಿರುಗೋ ಉರುಳೆ ಒಳಗಿರ್ತವೆ. ಒಂದು ಗುಂಡು ಹಾರ್ದೇ ಹೋದ್ರೆ ಕುದುರೆ ಇನ್ನೊಂದ್ಸಲ ಒತ್ತಿದ್ರೆ ಮುಂದಿನ್ದು ಬರುತ್ತೆ. ಪಿಸ್ತೂಲಲ್ಲಿ ಗುಂಡು ಹಿಡಿಯೊಳಗಿನ ಮ್ಯಾಗಜೀನಲ್ಲಿರ್ತವೆ, ತೆಳ್ಳಗಿರುತ್ತೆ, ಬ್ಯಾಗಲ್ಲಿ ಉಬ್ಬಲ್ಲ. ಆದ್ರೆ ಸಿಕ್ಕಾಕ್ಕೊಂಡ್ರೆ ಬಿಡಿಸೋ ಕೈಚಳಕ ಬೇಕು. ಅದ್ಕೇ ಹೊಸಬ್ರಿಗೆ ರಿವಾಲ್ವರ್ರೇ ವಾಸಿ ಅಂತಾರಂತೆ. ಆದ್ರೆ ರಿವಾಲ್ವರಿನ ಕುದುರೆ ಗಟ್ಟಿ. ಆ ಗಟ್ಟಿ ಕುದುರೆ ಎಳೆಯೋವಾಗ ಅಭ್ಯಾಸ ಇಲ್ದೋರ ಕೈ ಅಲ್ಲಾಡಿ ಗುಂಡು ಎಲ್ಲಿಗೋ ಹೋಗುತ್ತೆ.

ಇನ್ನು ಹಗೂರದ ಮಾತು. "ಲೇಡೀಸ್‌ಗೆ ಹಗೂರದ್ದು" ಅಂತ ಭಾವನೋರು ತೋರ್ಸಿದ್ರಲ್ಲ, ಅದ್ಕೆ ಮಾವ ನಕ್ಬುಟ್ರು. ಗನ್ನು ಹಗೂರ ಆದಷ್ಟೂ ಒದೆತ ಜಾಸ್ತಿ. ಭಾರ ಇದ್ರೆ ಒದೆತವನ್ನ ಅದೇ ನುಂಗ್ಕೊಳ್ಳುತ್ತೆ, ಹಗೂರ ಇದ್ರೆ ಅದೆಲ್ಲ ಮಣಿಕಟ್ಟಿಗೆ ಬರುತ್ತೆ. ನಳಿಗೆ ಗಿಡ್ಡ ಆದಷ್ಟೂ ಗುರಿ ಹಿಡಿಯೋದು ಕಷ್ಟ. ಅಂದ್ರೆ ಬ್ಯಾಗಿಗೆ ಸರಿಹೋಗೋ ಗನ್ನು ಕೈಗೆ ಸರಿಹೋಗಲ್ಲ, ಕೈಗೆ ಸರಿಹೋಗೋದು ಬ್ಯಾಗಿಗೆ ಆಗಲ್ಲ. ಇದು ನನ್ ಮಾತಲ್ಲ, ಮೂವತ್ತು ವರ್ಷ ಗಡೀಲಿ ಬಂದೂಕು ಹಿಡಿದೋರ ಮಾತು.

ಹೆಂಗಸ್ರ ಗನ್ನು ಅಂತ ಸರ್ಕಾರವೇ ಒಂದು ಮಾಡಿತ್ತು, ನೆನಪೈತಾ? ದಿಲ್ಲೀಲಿ 2012ರ ಡಿಸೆಂಬರಿನಲ್ಲಿ ಆ ಹುಡುಗಿಗೆ ಆಗಿದ್ದು ಆದ್ಮೇಲೆ, 2014ರ ಜನವರೀಲಿ ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆಯೋರು "ನಿರ್ಭೀಕ್" ಅಂತ .32 ರಿವಾಲ್ವರ್ ಬಿಟ್ರು. ಆರು ಗುಂಡಿನ್ದು, ತೂಕ 500 ಗ್ರಾಂ, ಒಡವೆ ಪೆಟ್ಟಿಗೆ ಥರದ ಡಬ್ಬೀಲಿಟ್ಟು ಕೊಡ್ತಿದ್ರು. ಬೆಲೆ 1,22,360 ರೂಪಾಯಿ. ಹಳೇ ಮಾತಲ್ವಾ ಅಂತೀರೇನೋ, ಆದ್ರೆ ಆವತ್ತಿನ ಒಂದು ಲಕ್ಷದ ಇಪ್ಪತ್ತೆರಡು ಸಾವಿರ ಯಾರ ಹತ್ರ ಇತ್ತು ಹೇಳಿ. ರಾತ್ರಿ ಹನ್ನೊಂದಕ್ಕೆ ಯಶವಂತಪುರ ಸ್ಟೇಷನ್ನಲ್ಲಿಳ್ದು ಮನೆ ಕಡೆ ನಡೆಯೋ ಗಾರ್ಮೆಂಟ್ಸ್ ಹುಡುಗಿ ಹತ್ರನಾ? ಬೆಳಗ್ಗೆ ಐದಕ್ಕೆ ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯೋ ಮನೆಗೆಲಸದ ಅಕ್ಕನ ಹತ್ರನಾ? ಆ ಹುಡುಗಿ ಹೆಸರಿನ ಅರ್ಥವನ್ನೇ ಇನ್ನೊಂದು ಮಾತಲ್ಲಿಟ್ಟು ಗನ್ನು ಮಾರೋಕೆ ಹೊರಟ್ರಲ್ಲ, ಅದು ನಂಗೆ ಆವತ್ತೂ ಸೇರ್ಲಿಲ್ಲ. ಬಸ್ಸಿನ ಪರ್ಮಿಟ್ಟು ನೋಡ್ಬೇಕಾದೋರು ನೋಡಿದ್ರೆ, ಗಸ್ತು ತಿರುಗ್ಬೇಕಾದೋರು ತಿರುಗಿದ್ರೆ ಆಗ್ತಿದ್ದ ಕೆಲಸಾನ ಎತ್ತಿ ನಮ್ಮ ಬ್ಯಾಗೊಳಗೆ ಹಾಕ್ದಂಗಾಯ್ತು. ಮೇಲಿಂದ ಅದರ ದುಡ್ಡೂ ನಾವೇ ಕೊಡ್ಬೇಕು. ಆಮೇಲೆ .22 ರದ್ದು "ನಿಡರ್" ಬಂತು, ಇನ್ನೂ ಹಗೂರ, ಬರೀ 250 ಗ್ರಾಂ. 2023ರಲ್ಲಿ "ಪ್ರಬಲ್" ಅಂತ ಇನ್ನೊಂದು ಬಂತು. ಹೆಸರುಗಳು ಮಾತ್ರ ಚೆನ್ನಾಗವೆ.

ಲೈಸೆನ್ಸ್ ವಿಷಯಕ್ಕೆ ಬರೋಣ. 1959ರ ಆಯುಧ ಅಧಿನಿಯಮ, 2016ರ ಆಯುಧ ನಿಯಮಗಳು. ಬೆಂಗಳೂರು ನಗರದಲ್ಲಾದ್ರೆ ಪೊಲೀಸ್ ಕಮಿಷನರಿಗೆ ಅರ್ಜಿ, ದೊಡ್ಡಬಳ್ಳಾಪುರದ ಕಡೆಯೋರಾದ್ರೆ ಜಿಲ್ಲಾಧಿಕಾರಿಗೆ. ಠಾಣೆಯಿಂದ ವರದಿ ಆಗ್ಬೇಕು, ವೈದ್ಯರ ಸರ್ಟಿಫಿಕೇಟು ಬೇಕು, ಗನ್ನು ಹಿಡಿಯೋ ತರಬೇತಿ ಬೇಕು, ಯಾಕೆ ಬೇಕು ಅಂತ ಕಾರಣ ಕೊಡ್ಬೇಕು. "ಭಯ ಆಗುತ್ತೆ" ಅಂದ್ರೆ ಸಾಲದು, ಅವ್ರು ಇಲ್ಲ ಅನ್ನಬೋದು. ಇಪ್ಪತ್ತೊಂದು ವರ್ಷ ತುಂಬಿರ್ಬೇಕು, ಹಂಗಾಗಿ "ನಂಗೂ ಒಂದು" ಅಂದ ನಮ್ಮ ಹುಡುಗಿ ಲೆಕ್ಕಕ್ಕೇ ಬರಲ್ಲ. ಲೈಸೆನ್ಸಲ್ಲಿ ಗಂಡನ ಹೆಸರು ಇದ್ದು, ಹೆಂಡ್ತಿ ಅದನ್ನ ಬ್ಯಾಗಲ್ಲಿಟ್ಕೊಂಡು ಓಡಾಡಿದ್ರೆ ತಪ್ಪು ಅವ್ಳ ತಲೆ ಮೇಲೆ. 2019ರಲ್ಲಿ ಕಾನೂನು ಇನ್ನೂ ಬಿಗಿ ಮಾಡವ್ರೆ: ಲೈಸೆನ್ಸ್ ಇಲ್ದೆ ಗನ್ನು ಇಟ್ಕೊಂಡ್ರೆ ಕನಿಷ್ಠ ಎರಡು ವರ್ಷ, ಐದು ವರ್ಷದ ತನಕ ಜೈಲು. "ನಮ್ಮ ಫ್ರೆಂಡ್ ಒಬ್ಬ ಹಂಗೇ ಕೊಡಿಸ್ತಾನೆ" ಅಂತ ಯಾರಾದ್ರೂ ಅಂದ್ರೆ ಅಲ್ಲೇ ಕೈ ಮುಗಿದು ಎದ್ದು ಬನ್ನಿ.

ಈಗ ಮಜಾ ಕೇಳಿ. ಲೈಸೆನ್ಸ್ ಸಿಕ್ತು ಅಂತಾನೇ ಇಟ್ಕೊಳ್ಳೋಣ. ಅದರ ಷರತ್ತಲ್ಲೇ ಬರ್ದಿರ್ತಾರೆ: ಜಾತ್ರೆಗೆ, ದೇವರ ಮೆರವಣಿಗೆಗೆ, ಜನ ಸೇರೋ ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಆಯುಧ ತಗೊಂಡೋಗ್ಬಾರ್ದು. ಮೆಟ್ರೋಲಿ ಬ್ಯಾಗು ಮಿಷನ್ನೊಳಗೆ ಹೋಗುತ್ತೆ, ಮಾಲಲ್ಲಿ ಬಾಗಿಲಲ್ಲೇ ತಡವ್ತಾರೆ. ಹಂಗಾದ್ರೆ ಒಬ್ಬ ಹೆಂಗಸು ಹೋಗೋ ಜಾಗ ಯಾವ್ದು ಉಳೀತು? ಮಕ್ಕಳನ್ನ ಸ್ಕೂಲಿಗೆ ಬಿಡೋಕೆ ಹೋಗೋವಾಗ ಬ್ಯಾಡ, ಕಡಲೆಕಾಯಿ ಪರಿಷೆಗೆ ಬ್ಯಾಡ, ಕರಗಕ್ಕೆ ಬ್ಯಾಡ, ಮಂತ್ರಿ ಮಾಲಿಗೆ ಬ್ಯಾಡ, ಮೆಟ್ರೋಗೆ ಬ್ಯಾಡ. ದಿನಾ ಜೊತೇಲಿರ್ಬೇಕು ಅಂತ ತಗೊಂಡಿದ್ದು ದಿನಾ ಮನೇಲೇ ಬೀರುವಿನಲ್ಲಿ ಕೂತಿರುತ್ತೆ. ಎಲೆಕ್ಷನ್ ಬಂತು ಅಂದ್ರೆ ಅದೂ ಇಲ್ಲ, ಠಾಣೆಗೆ ಕೊಟ್ಟು ರಸೀತಿ ಇಸ್ಕೊಂಡು ಬನ್ನಿ ಅಂತಾರೆ. ದೊಡ್ಡಬಳ್ಳಾಪುರದ ಹತ್ರ ತೋಟ ಇರೋ ನಮ್ಮ ದೊಡ್ಡಮ್ಮನ ಮನೇಲಿ ಹಂದಿ ಓಡ್ಸೋಕೆ ಅಂತ ಬೆಳೆ ರಕ್ಷಣೆ ಲೈಸೆನ್ಸಿನ ಹಳೇ ಕೋವಿ ಒಂದೈತೆ. ಪಂಚಾಯ್ತಿ, ಅಸೆಂಬ್ಲಿ, ಪಾರ್ಲಿಮೆಂಟು, ಒಂದೊಂದಕ್ಕೂ ದೊಡ್ಡಪ್ಪ ಅದನ್ನ ಮಗು ಎತ್ಕೊಂಡಂಗೆ ಎತ್ಕೊಂಡು ಠಾಣೆಗೆ ಹೋಗ್ತಾರೆ. ಮತ ಎಣಿಕೆ ಆಗಿ ಕೋವಿ ವಾಪಸ್ ಬರೋಷ್ಟ್ರಲ್ಲಿ ಹಂದಿ ಜೋಳ ತಿಂದು ಮುಗಿಸಿರ್ತವೆ.

ಇವೆಲ್ಲ ಬಿಡಿ, ರಂಗೋಲಿಗೆ ಬನ್ನಿ. ಬೆಳಗ್ಗೆ ಆರೂಕಾಲಿಗೆ ಒಬ್ಬ ಹೆಂಗಸು ನೈಟಿ ಮೇಲೊಂದು ಟವೆಲ್ಲು ಹೊದ್ದು ಕುಕ್ಕರಗಾಲಲ್ಲಿ ಕೂತವ್ಳೆ. ಪಿಸ್ತೂಲು ಎಲ್ಲೈತೆ? ನೈಟಿಗೆ ಜೇಬಿಲ್ಲ. ಸೊಂಟಕ್ಕೆ ಕಟ್ಕೊಂಡು ರಂಗೋಲಿ ಹಾಕ್ಬೇಕಾ? ಇಲ್ಲ, ಪುಡಿ ಡಬ್ಬಿ ಪಕ್ಕದಲ್ಲಿ ಇಟ್ಕೋಬೇಕಾ? ಬ್ಯಾಗಲ್ಲೇ ಐತೆ ಅಂದ್ಕೊಳ್ಳಿ. ನಮ್ಮ ಬ್ಯಾಗುಗಳ ಗತಿ ನಮಗೇ ಗೊತ್ತು. ಮನೆ ಬೀಗದಕೈ ಹುಡುಕೋಕೆ ಬಾಗಿಲ ಮುಂದೆ ಐದು ನಿಮಿಷ ನಿಲ್ತೀವಿ: ಔಷಧಿ ಚೀಟಿ, ಮಗುವಿನ ಹೇರ್ ಕ್ಲಿಪ್ಪು, ದೇವಸ್ಥಾನದ ಕುಂಕುಮದ ಪೊಟ್ಣ, ಬಿಎಂಟಿಸಿ ಟಿಕೆಟ್ಟು. ಸರಗಳ್ಳನಿಗೆ ಬೇಕಾಗಿರೋದು ಮೂರು ಸೆಕೆಂಡು. "ಸ್ವಲ್ಪ ನಿಂತ್ಕೊಳ್ಳಪ್ಪ, ಹುಡುಕ್ತೀನಿ" ಅಂತ ಹೇಳೋಕಾಗುತ್ತಾ?

ತಮಾಷೆ ಮಾಡ್ತಾ ಇದೀನಿ ಅಂದ್ಕೋಬೇಡಿ. 2013ರ ನವೆಂಬರಿನಲ್ಲಿ ಕಾರ್ಪೊರೇಷನ್ ಸರ್ಕಲ್ಲಿನ ಎಟಿಎಂ ಒಳಗೆ ಆಗಿದ್ದನ್ನ ನಾವೆಲ್ಲ ಟೀವೀಲಿ ನೋಡಿದೀವಿ, ನಿಮಗೂ ಇನ್ನೂ ಕಣ್ಣಲ್ಲಿ ಐತೆ. ಬೆಳಗ್ಗೆ ಹೊತ್ತು, ಊರ ನಡುಮಧ್ಯ. ದುಡ್ಡು ತೆಗೆಯೋಕೆ ಹೋದ ಆ ಹೆಣ್ಮಗಳ ಹಿಂದೇನೇ ಒಬ್ಬ ನುಗ್ಗಿ ಷಟರ್ ಎಳ್ದು ಮಚ್ಚು ಬೀಸ್ದ. ಆಯಮ್ಮ ಹೆಂಗೋ ಬದುಕಿ ಬಂದ್ರು, ಅವ್ರಿಗೆ ನೂರು ವರ್ಷ ಆಯಸ್ಸು ಕೊಡ್ಲಿ. ಆ ಚಿಕ್ಕ ಗೂಡೊಳಗೆ ಅವ್ರ ಬ್ಯಾಗಲ್ಲಿ ಪಿಸ್ತೂಲು ಇದ್ದಿದ್ರೆ ಏನಾಗ್ತಿತ್ತು? ಅವ್ನು ಬ್ಯಾಗನ್ನ ಕಿತ್ಕೊಂಡು ಹೋಗ್ತಿದ್ದ, ಜೊತೆಗೆ ಒಂದು ಪಿಸ್ತೂಲೂ ಸಿಕ್ತಿತ್ತು ಅಷ್ಟೇ. ಆಮೇಲೆ ಊರಿಗೆ ಉಪಯೋಗ ಆಗಿದ್ದು ಏನು? ಗಾರ್ಡ್ ಇಲ್ದಿರೋ ಎಟಿಎಂಗಳಿಗೆ ಪೊಲೀಸ್ರು ಬಾಗಿಲು ಹಾಕಿಸಿದ್ದು. ಒಂದು ಕುರ್ಚಿ, ಒಬ್ಬ ಮನುಷ್ಯ, ಒಂದು ಲೈಟು.

ಇನ್ನೊಂದು ಹೆಸರು ಹೇಳ್ತೀನಿ, ಹೇಳೋಕೆ ಸಂಕಟ ಆಗುತ್ತೆ. ಗೌರಿ ಲಂಕೇಶ್. 2017ರ ಸೆಪ್ಟೆಂಬರ್ 5, ರಾತ್ರಿ ಎಂಟರ ಸುಮಾರಿಗೆ ರಾಜರಾಜೇಶ್ವರಿನಗರದ ತಮ್ಮನೆ ಮುಂದೆ ಕಾರಿಂದ ಇಳ್ದು ಒಳಗೆ ಹೋಗ್ತಿದ್ರು. ಬೈಕಲ್ಲಿ ಬಂದೋರು ಗುಂಡು ಹಾರಿಸಿದ್ರು. ಅವ್ರ ಮಾತು ಒಪ್ತೀರೋ ಬಿಡ್ತೀರೋ, ಆ ಹೆಂಗಸಿಗೆ ಧೈರ್ಯ ಕಮ್ಮಿ ಇತ್ತು ಅಂತ ಯಾರೂ ಹೇಳಲ್ಲ. ಕೊಲ್ಲೋಕೇ ಅಂತ ಕಾದು ಕೂತೋರ ಮುಂದೆ, ಬ್ಯಾಗಲ್ಲಿರೋ ಗನ್ನು ತೆಗೆಯೋ ಹೊತ್ತು ಯಾರಿಗೂ ಸಿಗಲ್ಲ. ಮೊದಲು ಕೈ ಎತ್ತೋನು ಅವ್ನು, ಎರಡನೇದು ನಾವು. ಈ ಎರಡರ ನಡುವೆ ಇರೋ ಹೊತ್ತಲ್ಲೇ ಎಲ್ಲಾ ಮುಗ್ದಿರುತ್ತೆ.

ಹೊತ್ತೂ ಸಿಕ್ತು, ಗುರೀನೂ ಸರಿಯಾಯ್ತು ಅಂದ್ಕೊಳ್ಳಿ. ಆಮೇಲೆ? ಈಗಿರೋ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಳೇ ಐಪಿಸಿಯಲ್ಲಿದ್ದ ಹಂಗೇ ಆತ್ಮರಕ್ಷಣೆಯ ಹಕ್ಕು ಐತೆ, 34ರಿಂದ 44ರ ತನಕ ಅದರದ್ದೇ ಕಲಮುಗಳು. ಪ್ರಾಣ ಹೋಗೋ ಭಯ, ದೊಡ್ಡ ಗಾಯದ ಭಯ, ಅತ್ಯಾಚಾರ, ಆಸಿಡ್ ದಾಳಿ, ಅಪಹರಣ ಇಂಥ ಹೊತ್ತಲ್ಲಿ ದಾಳಿ ಮಾಡಿದೋನು ಸತ್ರೂ ಕಾನೂನು ನಮ್ಮ ಪರ ನಿಲ್ಲಬೋದು. ಇದು ಎಲ್ಲಾ ಹೆಣ್ಮಕ್ಕಳಿಗೂ ಗೊತ್ತಿರಬೇಕಾದ ಮಾತು, ಅಂಡರ್‌ಲೈನ್ ಮಾಡ್ಕೊಳ್ಳಿ. ಆದ್ರೆ ಬರೀ ಕಳ್ಳತನಕ್ಕೆ, ಪ್ರಾಣಭಯ ಏನೂ ಇಲ್ದೆ, ಒಬ್ಬನನ್ನ ಕೊಲ್ಲೋ ಹಕ್ಕು ಅದ್ರಲ್ಲಿಲ್ಲ. ಎಷ್ಟು ಬೇಕೋ ಅಷ್ಟಕ್ಕಿಂತ ಜಾಸ್ತಿ ಪೆಟ್ಟು ಕೊಡೋ ಹಾಗಿಲ್ಲ. ಸರ ಕಿತ್ಕೊಂಡು ಓಡೋನ ಬೆನ್ನಿಗೆ ನಮ್ಮ ನಾದಿನಿ ಗುಂಡು ಹೊಡ್ದಿದ್ರೆ, ಅವ್ನಿಗೆ ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ, ಇವ್ಳು ಕೋರ್ಟಲ್ಲಿ "ನಂಗೆ ಪ್ರಾಣಭಯ ಇತ್ತು ಸ್ವಾಮಿ" ಅಂತ ಎಷ್ಟು ವರ್ಷ ಓಡಾಡ್ಬೇಕಿತ್ತೋ. ಆ ಗುಂಡು ತಪ್ಪಿ ಎದುರು ಮನೆ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಎತ್ಕೊಳ್ತಿದ್ದ ಅಜ್ಜಿಗೆ ಬಿದ್ದಿದ್ರೆ? ನಮ್ಮ ಬೀದಿಗಳು ಇಪ್ಪತ್ತಡಿ ಅಗಲ. ಇಲ್ಲಿ ತಪ್ಪಿದ ಗುಂಡು ಗಾಳೀಲಿ ಹೋಗಲ್ಲ, ಯಾರ್ದೋ ಮನೆ ಗೋಡೆಗೋ ಮೈಗೋ ಹೋಗುತ್ತೆ.

ಈಗ ಯಾರೂ ಉಪ್ಪಿಟ್ಟಿನ ತಟ್ಟೆ ಮುಂದೆ ಆಡದೇ ಇರೋ ಮಾತು ಆಡ್ತೀನಿ.

ಹೆಂಗಸ್ರಿಗೆ ಅಪಾಯ ಬೈಕಲ್ಲಿ ಬರುತ್ತೆ ಅಂತ ನಾವು ಅಂದ್ಕೊಂಡಿದೀವಿ. ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಜಾಸ್ತಿ ಬರೋದು ಮನೆ ಒಳಗಿಂದ. ಕೇಂದ್ರ ಸರ್ಕಾರದ್ದೇ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು, ನಮ್ಮ ಕರ್ನಾಟಕದ ಲೆಕ್ಕ ನೋಡಿ: ಮದುವೆ ಆದ ಹೆಂಗಸ್ರಲ್ಲಿ ನೂರಕ್ಕೆ 44 ಜನ ಗಂಡನ ಕೈಲಿ ಹೊಡೆತ ಬಡಿತ ಕಂಡೋರು. ದೇಶದಲ್ಲೇ ಮೇಲಿನ ಸಂಖ್ಯೆ ನಮ್ದು, ತಲೆ ತಗ್ಗಿಸೋ ಹಂಗೆ. ಅತ್ಯಾಚಾರದ ಕೇಸುಗಳಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಡೆ ಆರೋಪಿ ಗೊತ್ತಿರೋನೇ: ಪರಿಚಯದೋನು, ನೆಂಟ, ಪಕ್ಕದ ಮನೆಯೋನು. ಗೊತ್ತಿರೋನ ಮೇಲೆ ಬ್ಯಾಗಿಂದ ಪಿಸ್ತೂಲು ತೆಗೀತೀವಾ? ಚಿಕ್ಕಪ್ಪ ಅಂತ ಕಾಫಿ ಕೊಡೋನ ಮೇಲೆ?

ಮದುವೆ ಆದ ಹೊಸದ್ರಲ್ಲಿ ನಾನು ಯಶವಂತಪುರದ ಒಂದು ವಠಾರದಲ್ಲಿದ್ದೆ. ಏಳು ಮನೆ, ಎರಡು ಬಚ್ಚಲು, ಒಂದು ಬೋರ್‌ವೆಲ್ಲು. ಕೊನೇ ಮನೆಯೋನು ಕುಡ್ದು ಬಂದು ಹೆಂಡ್ತೀನ ದಿನಾ ಹೊಡೀತಿದ್ದ. ಕೈಗೆ ಸಿಕ್ಕಿದ್ರಲ್ಲಿ ಹೊಡೀತಿದ್ದ: ಬೆಲ್ಟು, ಚೊಂಬು, ಒಂದ್ಸಲ ರೊಟ್ಟಿ ಹೆಂಚು. ನಾವು ಹೆಂಗಸ್ರೆಲ್ಲ ಸೇರಿ ಬಾಗಿಲು ಬಡ್ದು ಅವ್ಳನ್ನ ಎಳ್ಕೊಂಡು ಬರ್ತಿದ್ವಿ. ಕೈಗೆ ಸಿಕ್ಕಿದ್ದು ಹೆಂಚು ಆಗಿದ್ದಕ್ಕೆ ಅವ್ಳು ಬದುಕವ್ಳೆ. ಈಗ ಮಗನ ಜೊತೆ ಚಿಕ್ಕಬಾಣಾವರದಲ್ಲವ್ಳೆ, ಮೊನ್ನೆ ಮೊಮ್ಮಗನ ನಾಮಕರಣಕ್ಕೆ ಕರ್ದಿದ್ಲು. ಆ ಮನೇಲಿ "ಹೆಂಡ್ತಿ ರಕ್ಷಣೆಗೆ" ಅಂತ ಒಂದು .32 ಇದ್ದಿದ್ರೆ ಅದು ಯಾರ ಕೈಗೆ ಮೊದಲು ಹೋಗ್ತಿತ್ತು ಅಂತ ಹೇಳ್ಬೇಕಾ?

ಇದು ಬರೀ ನನ್ನ ಊಹೆ ಅಲ್ಲ. ಗನ್ನು ಮನೆಮನೇಲಿರೋ ಅಮೆರಿಕಾದಲ್ಲಿ ಇದನ್ನ ಅಳತೆ ಮಾಡವ್ರೆ. 1993ರಲ್ಲೇ ಕೆಲ್ಲರ್‌ಮನ್ ಅನ್ನೋ ಡಾಕ್ಟರು ತಂಡ, ಮನೇಲಿ ಗನ್ನಿದ್ರೆ ಆ ಮನೇಲಿ ಕೊಲೆ ಆಗೋ ಸಂಭವ ಸುಮಾರು 2.7 ಪಟ್ಟು ಅಂತ ಬರೆದ್ರು. 2022ರಲ್ಲಿ ಕ್ಯಾಲಿಫೋರ್ನಿಯಾದ ಲಕ್ಷಾಂತರ ಜನರನ್ನ ವರ್ಷಗಟ್ಟಲೆ ನೋಡಿದ ಇನ್ನೊಂದು ಅಧ್ಯಯನ ಬಂತು. ತಮ್ಮ ಹೆಸರಲ್ಲಿ ಗನ್ನಿಲ್ದೆ, ಪಿಸ್ತೂಲು ಇರೋರ ಜೊತೆ ಒಂದೇ ಮನೇಲಿ ಇರೋರು, ಗಂಡನೋ ಸಂಗಾತಿಯೋ ಹೊಡೆದ ಗುಂಡಿಗೆ ಸಾಯೋದು ಏಳು ಪಟ್ಟು ಜಾಸ್ತಿ ಅಂತೆ. ಹಂಗೆ ಸತ್ತೋರಲ್ಲಿ ಬಹುಪಾಲು ಹೆಂಗಸ್ರೇ. ನಮ್ಮನೆ ಹುಡುಗೀರು ಅಲ್ಲಿಗೆ ಮದುವೆಯಾಗಿ ಹೋಗವ್ರೆ. ಅವ್ರು ಇದನ್ನ ಓದ್ತಿದ್ರೆ, ನಿಮ್ಮನೇಲಿ ಐತಾ ಅಂತ ಒಂದ್ಸಲ ಕೇಳ್ಕೊಳ್ಳಿ ಕಂದಮ್ಮಗಳಿರಾ. ಇದ್ರೆ ಬೀಗ ಯಾರ ಹತ್ರ ಐತೆ ಅಂತಾನೂ ಕೇಳಿ.

ಇನ್ನೊಂದೈತೆ, ಅದನ್ನ ಬೇಗ ಹೇಳಿ ಮುಗಿಸ್ತೀನಿ. ಎರಡನೇ ಹೆರಿಗೆ ಆದ್ಮೇಲೆ ನಾಲ್ಕು ತಿಂಗಳು ನನ್ನ ಮನಸ್ಸು ಸರಿ ಇರ್ಲಿಲ್ಲ. ಅತ್ತೆಗೆ ಗೊತ್ತಿತ್ತು, ನಿಮ್ಮಲ್ಲಿ ಒಬ್ರಿಗೋ ಇಬ್ರಿಗೋ ಗೊತ್ತು. ರಾತ್ರಿ ಹೊತ್ತು ಬಾಳ ಕೆಟ್ಟ ಯೋಚನೆ ಬರ್ತಿತ್ತು. ಅತ್ತೆ ನನ್ನ ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಮಲಗ್ತಿದ್ರು, ನಿಮ್ಹಾನ್ಸ್‌ಗೆ ಕರ್ಕೊಂಡೋಗಿದ್ದೂ ಅವ್ರೇ. ಮಾತ್ರೆ ತಗೊಂಡೆ, ಸರಿಹೋಯ್ತು. ಆ ನಾಲ್ಕು ತಿಂಗಳು ಬೀರುವಿನಲ್ಲಿ ಪಿಸ್ತೂಲು ಇದ್ದಿದ್ರೆ ಇವತ್ತು ಇದನ್ನ ಬರೆಯೋಕೆ ನಾನು ಇರ್ತಿದ್ನೋ ಇಲ್ವೋ. ಬೇರೆ ದಾರಿಗಳಿಗೆ ಸ್ವಲ್ಪ ಹೊತ್ತು ಬೇಕು, ಆ ಹೊತ್ತಲ್ಲಿ ಯಾರಾದ್ರೂ ಬಂದು ಕೈ ಹಿಡೀತಾರೆ. ಗುಂಡು ಆ ಹೊತ್ತು ಕೊಡಲ್ಲ. ಯಾರಿಗಾದ್ರೂ ಹಂಗನ್ನಿಸ್ತಾ ಇದ್ರೆ ನಂಗೆ ಫೋನ್ ಮಾಡಿ, ಇಲ್ಲ 14416ಕ್ಕೆ ಮಾಡಿ, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಭಾವನೋರು ಆವತ್ತು ಇನ್ನೊಂದು ಅಸ್ತ್ರ ಬಿಟ್ರು: "ಕೊಡಗಿನೋರ ಮನೇಲಿ ಕೋವಿ ಇರಲ್ವಾ? ಅಲ್ಲಿ ಹೆಂಗಸ್ರೂ ಹಿಡೀತಾರೆ, ಏನಾಗೈತೆ?" ಸರಿ. ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಮನೇಲಿ ಹತ್ತು ವರ್ಷ ಇದ್ದ ಕೊಡಗಿನ ಆಂಟೀನ ಕೇಳ್ದೆ. ನಿಜ, 1861ರಿಂದಾನೂ ಅವ್ರಿಗೆ ವಿನಾಯ್ತಿ ಐತೆ. ಕೊಡವ ಜನಾಂಗದೋರು ಮತ್ತೆ ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ದೆ ಕೋವಿ ಇಟ್ಕೋಬೋದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ ಇನ್ನೂ ಹತ್ತು ವರ್ಷಕ್ಕೆ, 2029ರ ತನಕ ಮುಂದುವರಿಸ್ತು. ಒಬ್ರು ಕೋರ್ಟಿಗೆ ಹೋಗಿದ್ರು, 2021ರಲ್ಲಿ ನಮ್ಮ ಹೈಕೋರ್ಟು ವಿನಾಯ್ತಿ ಸರಿ ಅಂತ ಎತ್ತಿ ಹಿಡೀತು. ಆದ್ರೆ ಅದು ಕೋವಿ ವಿಷಯ, ಉದ್ದನೇ ಬಂದೂಕು. ಬ್ಯಾಗಲ್ಲಿಡೋ ಪಿಸ್ತೂಲಿನ ವಿಷಯ ಅಲ್ಲ. ಕೈಲ್‌ಪೊಳ್ದಿಗೆ ಅದಕ್ಕೆ ಹೂವಿಟ್ಟು ಪೂಜೆ ಮಾಡ್ತಾರೆ, ಪುತ್ತರಿಗೆ ಕದಿರು ಕೊಯ್ಯೋವಾಗ ಗುಂಡು ಹಾರಿಸ್ತಾರೆ, ಮನೇಲಿ ಸಾವಾದ್ರೆ ಊರಿಗೆ ತಿಳಿಸೋಕೆ ಹಾರಿಸ್ತಾರೆ. ಆಂಟಿ ಹೇಳಿದ್ದು ಕೇಳಿ: "ನಾವು ಅದನ್ನು ದೇವರ ಸಾಮಾನಿನ ಹಾಗೆ ನೋಡ್ತೇವೆ. ಚಿಕ್ಕವರಿರುವಾಗಲೇ ಅಪ್ಪ ಕಲಿಸ್ತಾರೆ, ಮುಟ್ಟುವುದಕ್ಕಿಂತ ಮುಂಚೆ ಮುಟ್ಟಬಾರದ್ದು ಯಾವಾಗ ಅಂತ ಕಲಿಸ್ತಾರೆ. ಪೇಟೆಗೆ ತರಕಾರಿ ತರಲಿಕ್ಕೆ ಹೋಗುವಾಗ ಯಾರಾದರೂ ಕೋವಿ ಹಿಡಿದುಕೊಂಡು ಹೋಗ್ತಾರಾ?" ನೂರೈವತ್ತು ವರ್ಷದ ಶಿಸ್ತನ್ನ ನಮ್ಮ ಭಾವನೋರು ಒಂದು ಲೈಸೆನ್ಸ್ ಫಾರಂ ಜೊತೆ ಕೊಡಿಸೋಕಾಗಲ್ಲ.

ನಾದಿನಿ ಮಗಳು ಮಾತ್ರ ಒಂದು ಒಳ್ಳೇ ಪ್ರಶ್ನೆ ಕೇಳಿದ್ಲು, ಅದಕ್ಕೆ ನಿಜವಾಗ್ಲೂ ಉತ್ತರ ಕೊಡ್ಬೇಕು. "ಅತ್ತೆ, ನಾನು ನಲವತ್ತೆಂಟು ಕೆ.ಜಿ. ಎಂಬತ್ತು ಕೆ.ಜಿ. ಗಂಡಸಿನ ಮುಂದೆ ನನ್ನ ಕರಾಟೆ ನಡೆಯುತ್ತಾ? ಗನ್ನು ಒಂದೇ ತಾನೇ ಇಬ್ರನ್ನೂ ಸಮ ಮಾಡೋದು?" ಹೌದು ಮಗಳೇ, ನೀನು ಗನ್ನು ಹಿಡ್ದು, ಹತ್ತು ಮಾರು ದೂರದಲ್ಲಿ, ರೆಡಿಯಾಗಿ ನಿಂತಿದ್ರೆ ಸಮ. ಒನಕೆ ಓಬವ್ವನ ಕತೆ ನೆನೆಸ್ಕೋ. ಅವ್ಳು ಗೆದ್ದಿದ್ದು ಒನಕೆಯಿಂದಲ್ಲ, ಕಿಂಡಿಯಿಂದ. ಒಬ್ಬೊಬ್ಬನೇ ತಲೆ ತೂರ್ಸೋ ಜಾಗದಲ್ಲಿ ಅವ್ಳು ಮೊದಲೇ ನಿಂತಿದ್ಲು. ನಮ್ಮ ಮೇಲೆ ಬರೋರು ನಮಗೆ ಆ ಕಿಂಡಿ ಕೊಡಲ್ಲ, ಹಿಂದಿಂದ ಬರ್ತಾರೆ, ಪಕ್ಕದಲ್ಲಿ ನಿಂತಿರ್ತಾರೆ. ಮೈಮೇಲೆ ಬಿದ್ದಾಗ ಗನ್ನು ಯಾರ ಕೈಲಿ ಬಲ ಐತೋ ಅವ್ರದ್ದಾಗುತ್ತೆ. ಮಾವ ಹೇಳಿದ್ರು, ವಾರವಾರ ಅಭ್ಯಾಸ ಇಲ್ದೋರ ಗನ್ನು ಬರೀ ಕಬ್ಬಿಣ ಅಂತ. ಅಭ್ಯಾಸಕ್ಕೆ ಗುಂಡು ಬೇಕು, ಲೈಸೆನ್ಸಲ್ಲಿ ವರ್ಷಕ್ಕೆ ಇಷ್ಟೇ ಗುಂಡು ಅಂತ ಬರ್ದಿರ್ತಾರೆ. ನಿಂಗೆ ಗುರಿ ಇಡೋ ಆಸೆ ಇದ್ರೆ ರೈಫಲ್ ಕ್ಲಬ್ಬಿಗೆ ಸೇರು, ಕ್ರೀಡೆ ಅಂತ ಕಲಿ, ನಾನೇ ಫೀಸು ಕಟ್ತೀನಿ. ಅದು ಬೇರೆ ವಿಷಯ.

ಹಂಗಂತ ಬರಿಗೈಲಿ ಇರಿ ಅಂತ ನಾನು ಹೇಳ್ತಾ ಇಲ್ಲ. ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬ್ಯಾಡ, ಬೀಗದಕೈ ಗೊಂಚಲಿಗೇ ಸಿಕ್ಕಿಸ್ಕೋಬೋದು, ತಪ್ಪಿ ಯಾರಿಗಾದ್ರೂ ಬಿದ್ರೆ ಕಣ್ಣು ತೊಳ್ಕೊಂಡು ನಮ್ಮನ್ನ ಬೈತಾರೆ, ಸಾಯಲ್ಲ. ಆದ್ರೆ ಅದೂ ಆಟದ ಸಾಮಾನಲ್ಲ. 2024ರಲ್ಲಿ ನಮ್ಮ ಹೈಕೋರ್ಟು ಒಂದು ಜಗಳದ ಕೇಸಲ್ಲಿ ಪೆಪ್ಪರ್ ಸ್ಪ್ರೇನೂ ಅಪಾಯಕಾರಿ ಆಯುಧ ಅಂದೈತೆ, ಸುಮ್ಸುಮ್ನೆ ಮುಖಕ್ಕೆ ಹೊಡ್ಯೋಕೆ ಹೋಗ್ಬೇಡಿ. 112 ಫೋನಿನ ಮೊದಲ ಪುಟದಲ್ಲಿರ್ಲಿ. ಮನೆ ಒಳಗಿನ ಹೊಡೆತಕ್ಕೆ 181 ಐತೆ, ಕಮಿಷನರ್ ಆಫೀಸಿನ ವನಿತಾ ಸಹಾಯವಾಣಿ 1091 ಐತೆ. ಇವು ಗನ್ನಿನಷ್ಟು ಜೋರಾಗಿ ಸದ್ದು ಮಾಡಲ್ಲ, ಅದ್ಕೇ ಗಂಡಸ್ರಿಗೆ ಇವು ಸಪ್ಪೆ ಅನ್ನಿಸ್ತವೆ.

ನಂಗೆ ಸಿಟ್ಟು ಬರೋದು ಇದ್ಕೇ. ನಾದಿನಿ ಬೀದಿ ಕೊನೇ ಕಂಬದ ಲೈಟು ಎರಡು ತಿಂಗಳಿಂದ ಉರೀತಿರ್ಲಿಲ್ಲ. ಅದಕ್ಕೊಂದು ಅರ್ಜಿ ಬರೆಯೋಕೆ ಮನೇಲಿ ಒಬ್ಬ ಗಂಡಸಿಗೂ ಪುರಸೊತ್ತು ಇರ್ಲಿಲ್ಲ. ಗನ್ನಿನ ಫೋಟೋ ಹುಡುಕೋಕೆ ಮಾತ್ರ ಒಂದು ರಾತ್ರಿ ಪೂರ್ತಿ ಪುರಸೊತ್ತು ಸಿಕ್ತು. ಅವ್ಳು ಹೆದರ್ಕೊಂಡವ್ಳೆ, ನಿದ್ದೆ ಬರಲ್ಲ, ಬೈಕ್ ಸದ್ದಿಗೆ ಬೆಚ್ಚಿ ಬೀಳ್ತಾಳೆ. ಅವ್ಳ ಪಕ್ಕ ಒಂದು ವಾರ ಬೆಳಗ್ಗೆ ಬಾಗಿಲಲ್ಲಿ ನಿಂತ್ಕೊಳ್ಳೋರು ಬೇಕಿತ್ತು. ಅದ್ರ ಬದಲು ಒಂದು ಯಂತ್ರ ಕೊಟ್ಟು "ಇನ್ಮೇಲೆ ನಿನ್ನ ನೀನೇ ನೋಡ್ಕೋ" ಅನ್ನೋದು ಧೈರ್ಯ ತುಂಬೋದಲ್ಲ ಭಾವ, ಕೈ ತೊಳ್ಕೊಳ್ಳೋದು.

ಲೈಟಿನ ಅರ್ಜಿ ನಾನೇ ಬರ್ದೆ. ಮೂರು ಸಲ ಹೋಗ್ಬೇಕಾಯ್ತು, ಈಗ ಉರೀತೈತೆ. ಆ ಬೀದಿಯ ಒಂಬತ್ತು ಮನೆಯೋರು ಮಾತಾಡ್ಕೊಂಡು ಬೆಳಗ್ಗೆ ಆರೂಕಾಲಿಗೆ ಎಲ್ರೂ ಒಟ್ಟಿಗೇ ಬಾಗಿಲಿಗೆ ಬರ್ತಾವ್ರೆ. ಕೆಲವ್ರಿಗೆ ವಿಷಲ್ ಕೊಡಿಸಿದೀನಿ, ಎದುರು ಮನೆ ಅಜ್ಜಿ ಮೊಮ್ಮಕ್ಕಳ ಕೈಲಿ ಊದಿಸಿ ಬೀದಿ ತಲೆ ಕೆಡಿಸ್ತಾವ್ರೆ. ಸರ ಸಿಕ್ಕಿಲ್ಲ, ಸಿಗೋ ಆಸೇನೂ ಇಲ್ಲ. ಅರಿಶಿನದ ದಾರ ಕಟ್ಕೊಂಡವ್ಳೆ. ಬಳೆ ಎರಡೂ ಕೈಲೇ ಅವೆ. ಮೊನ್ನೆ ಗೌರಿ ಹಬ್ಬಕ್ಕೆ ಹೋದಾಗ ರಂಗೋಲಿ ಹಾಕ್ತಾ ಕೂತಿದ್ಲು, ಭಾವನೋರು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಿದ್ರು. ನನ್ನ ನೋಡಿ ಪೇಪರ್ ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿಟ್ಕೊಂಡ್ರು.